ಗುಳ್ಳ ಸುಡುವ ಸಂಜೆ

ನೆಂಟರು ಬರುವ ದಿನ ನನಗೆ ಊಟಕ್ಕಿಂತ ಊಟದ ಮುಂಚಿನ ಹೊತ್ತೇ ಇಷ್ಟ. ಬೆಲ್ಲ-ನೀರು ಕೊಟ್ಟಾಗಿದೆ, ಎಲೆ ಹಾಕಲು ಇನ್ನೂ ಒಂದೂವರೆ ಗಂಟೆ ಇದೆ. ಆ ನಡುಹೊತ್ತಿನ ತಿನಿಸಿಗೆ ಪೇಟೆಯಲ್ಲಿ ಡಿಪ್ ಅನ್ನುತ್ತಾರೆ. ಅದ್ದಿ ಉಣ್ಣುವುದಲ್ಲವೇ, ‘ಅದ್ದುಣಿಸು’ ಅಂತ ನಾನೊಂದು ಹೆಸರಿಟ್ಟುಕೊಂಡಿದ್ದೇನೆ. ನಮ್ಮ ಮನೆಯ ಅದ್ದುಣಿಸು ಸುಟ್ಟ ಗುಳ್ಳದ ಗೊಜ್ಜು. ಅದ್ದಲಿಕ್ಕೆ ಹಲಸಿನ ಹಪ್ಪಳ.

ಗುಳ್ಳ ಎಂದರೆ ಉಡುಪಿ ಬಳಿಯ ಮಟ್ಟು ಊರಿನ ಬದನೆ. ದುಂಡು ಮೈ, ಎಳೆಹಸಿರು ಬಣ್ಣ, ಅದರ ಮೇಲೆ ಬೆಳ್ಳನೆಯ ಗೆರೆ, ತೊಟ್ಟಿನಲ್ಲಿ ಮುಳ್ಳು. ಸೋದೆಯ ವಾದಿರಾಜರು ಕೊಟ್ಟ ಬೀಜ ಅದು ಎಂದು ಊರವರ ನಂಬಿಕೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಆದರೆ ಅಂಗೈಯಲ್ಲಿಟ್ಟು ತೂಗುವಾಗ ಈ ಯಾವ ಹಿರಿಮೆಯೂ ನೆನಪಾಗದು. ಆ ತಣ್ಣನೆಯ ನುಣುಪೊಂದೇ ಸಾಕೆನಿಸುತ್ತದೆ.

ನಾಲ್ಕು ಕಡೆ ಚುಚ್ಚಿ, ತೆಂಗಿನೆಣ್ಣೆ ಸವರಿ ಕೆಂಡದ ಮೇಲಿಡುತ್ತೇನೆ. ಚುಚ್ಚದಿದ್ದರೆ ಒಳಗಿನ ಹಬೆಗೆ ದಾರಿ ಸಿಗದೆ ಕಾಯಿ ಸಿಡಿಯುತ್ತದೆ. ಇನ್ನು ಅವಸರ ಸಲ್ಲದು. ಸಿಪ್ಪೆ ಕರ್ರಗಾಗುತ್ತದೆ, ಬಿಗಿದ ಮೈ ಸಡಿಲುತ್ತದೆ, ಕೊನೆಗೆ ಕಾಯಿ ಉಸ್ಸೆಂದು ಕುಸಿದು ಕೂರುತ್ತದೆ. ಅಷ್ಟರಲ್ಲಿ ಹೊಗೆಯ ಪರಿಮಳ ಚಾವಡಿಗೆ ಹೋಗಿ ಎಲ್ಲರನ್ನೂ ಕರೆದಾಗಿರುತ್ತದೆ. “ಇಲ್ಲಿ ಕೊಡು ಮಾರಾಯ್ತಿ, ಸಿಪ್ಪೆ ನಾನು ತೆಗೆಯುತ್ತೇನೆ” ಎನ್ನುತ್ತಾ ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಬರುತ್ತಾರೆ. ಮಣೆ ಎಳೆದುಕೊಂಡು ಮತ್ತಿಬ್ಬರು ಕೂರುತ್ತಾರೆ. ಚಾವಡಿಯಲ್ಲಿ ನೆಂಟರಾಗಿದ್ದವರು ಅಡುಗೆಮನೆಯಲ್ಲಿ ಮನೆಯವರಾಗಿಬಿಡುತ್ತಾರೆ.

ಉಪ್ಪಿನ ಜೊತೆ ಹಸಿಮೆಣಸು ನುರಿದು, ಹುಣಸೆರಸ, ಚೂರು ಬೆಲ್ಲ, ಇಂಗಿನ ನೀರು ಸೇರಿಸಿ ಗುಳ್ಳವನ್ನು ಕೈಯಲ್ಲೇ ಕಿವುಚಬೇಕು. ಮಿಕ್ಸಿಗೆ ಹಾಕಿದರೆ ಅದು ಬರೀ ಮುದ್ದೆ. ಬೆರಳಿಗೆ ಸಿಗುವ ಎಳೆ, ಬೀಜ ನಾಲಿಗೆಗೂ ಸಿಗಬೇಕು. ಕಿವುಚುವಾಗ ನನಗೊಂದು ಯೋಚನೆ ಬರುತ್ತದೆ. ಬದನೆ, ಮೆಣಸು ಎರಡೂ ಒಂದೇ ಸಸ್ಯಕುಟುಂಬದವು. ಬದನೆ ನಮ್ಮ ನೆಲದಲ್ಲೇ ಉಳಿಯಿತು. ಮೆಣಸು ಕಡಲಾಚೆಯ ಅಮೆರಿಕ ಖಂಡದಲ್ಲಿ ಬೆಳೆದು, 16ನೇ ಶತಮಾನದ ಹೊತ್ತಿಗೆ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಪಡುಗಡಲಿನ ದಂಡೆಗೆ ಬಂತು. ಎಷ್ಟು ಕಾಲ ಅಗಲಿದ್ದ ಬಂಧುಗಳು! ನನ್ನ ಬೋಗುಣಿಯಲ್ಲೂ ಇವತ್ತು ನೆಂಟರು ಸೇರಿದ್ದಾರೆ.

ಸಾಸಿವೆ, ಕರಿಬೇವಿನ ಒಗ್ಗರಣೆ ಚುಂಯ್ ಎಂದಿತು. ಹಪ್ಪಳದ ಡಬ್ಬಿಯ ತಳದಲ್ಲಿ ಕಳೆದ ಬೇಸಿಗೆಯದು ಇನ್ನೂ ಹತ್ತಿಪ್ಪತ್ತು ಉಳಿದಿದೆ. ಮೇ ತಿಂಗಳ ಬಿಸಿಲು ಕುಡಿದ ಹಪ್ಪಳ ಮಾಗಿಯ ಗುಳ್ಳಕ್ಕಾಗಿಯೇ ಕಾದಂತಿದೆ. ಮುರಿದರೆ ಕಟ್ ಎನ್ನುವ ಆ ಗರಿಮುರಿ, ಅದರ ತುದಿಯಲ್ಲಿ ಮೆತ್ತಗೆ ಕೂರುವ ಹೊಗೆಗಂಪಿನ ಗೊಜ್ಜು. ಬೋಗುಣಿ ಒಂದೇ, ಕೈಗಳು ಆರು. ಬೇರೆ ಬೇರೆ ತಟ್ಟೆಯಲ್ಲಿ ಬಡಿಸಿದ್ದರೆ ಈ ಮಾತು, ಈ ನಗು ಹುಟ್ಟುತ್ತಿತ್ತೇ?

ನೀವೂ ಮಾಡುವುದಾದರೆ ಒಂದು ಮಾತು ನಡೆಸಿಕೊಡಿ. ಸಿಪ್ಪೆ ಬೇಗ ಬಿಡಲೆಂದು ಸುಟ್ಟ ಗುಳ್ಳವನ್ನು ನೀರಿಗೆ ಹಾಕಬೇಡಿ, ಹೊಗೆಯ ಗಂಪೆಲ್ಲ ತೊಳೆದುಹೋಗುತ್ತದೆ. ಕೈ ಸ್ವಲ್ಪ ಬಿಸಿಯಾದರೆ ಆಗಲಿ.