ಚಕ್ರದ ಉಡುಪು

2023ರ ಬೇಸಿಗೆಯಲ್ಲಿ ಮಗನ ಮನೆಗೆಂದು ಅಮೆರಿಕದ ಮಿಶಿಗನ್ ರಾಜ್ಯಕ್ಕೆ ಹೋಗಿದ್ದೆ. ಬೆಳಗ್ಗೆ ಎಂಟರ ಹೊತ್ತಿಗೆ ಮಗ, ಸೊಸೆ ಕೆಲಸಕ್ಕೆ ಹೊರಟುಬಿಟ್ಟರೆ ಆ ಬೀದಿಯಲ್ಲಿ ಮನುಷ್ಯರ ಸುಳಿವೇ ಇರುತ್ತಿರಲಿಲ್ಲ. ಇದ್ದವರು ಇಬ್ಬರೇ. ಒಬ್ಬ ನಾನು, ಇನ್ನೊಬ್ಬರು ಪಕ್ಕದ ಮನೆಯ ಎಪ್ಪತ್ತೆಂಟರ ವೃದ್ಧರು. ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದ ಅವರು ಒಂಬತ್ತಕ್ಕೆ ಸರಿಯಾಗಿ ಗ್ಯಾರೇಜಿನ ಬಾಗಿಲೆತ್ತುತ್ತಿದ್ದರು. ನಾನು ಮೇಷ್ಟರಾಗಿದ್ದವನೆಂದು ತಿಳಿದ ದಿನದಿಂದ ನನ್ನನ್ನು ‘ಟೀಚರ್’ ಎಂದೇ ಕರೆಯತೊಡಗಿದರು.

ಆ ಗ್ಯಾರೇಜಿನಲ್ಲಿದ್ದದ್ದು 1967ರ ಪಾಂಟಿಯಾಕ್ ಜಿಟಿಓ ಕಾರು. ತಮ್ಮ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಹೊಸದಾಗಿ ಕೊಂಡದ್ದಂತೆ. ಮದುವೆಯ ದಿನ ಹೆಂಡತಿಯನ್ನು ಕರೆತಂದದ್ದು ಅದರಲ್ಲಿಯೇ. ಆಕೆ ತೀರಿಕೊಂಡು ಆಗ ಒಂದು ವರ್ಷವಾಗಿತ್ತು.

ಅಮೆರಿಕದವರು ಇಂಥ ಕಾರುಗಳನ್ನು ‘ಮಸಲ್ ಕಾರ್’ ಎನ್ನುತ್ತಾರೆ. ಮಧ್ಯಮ ಗಾತ್ರದ, ಸಾಧಾರಣ ಬೆಲೆಯ ಕಾರಿನ ಹೊಟ್ಟೆಯೊಳಗೆ ದೊಡ್ಡ ಕಾರಿನ ಎಂಟು ಸಿಲಿಂಡರುಗಳ ಎಂಜಿನ್ನನ್ನು ಕೂರಿಸುವುದು ಇವುಗಳ ಗುಟ್ಟು. 1964ರಲ್ಲಿ ಬಂದ ಮೊದಲ ಜಿಟಿಓ ಈ ಪರಂಪರೆಗೆ ನಾಂದಿ ಹಾಡಿತೆಂಬುದು ಬಹುಜನರ ಅಭಿಪ್ರಾಯ. ನಮ್ಮ ಅಂಬಾಸಿಡರ್ ಕಾರಿನ ಹಳೆಯ ಎಂಜಿನ್ ಒಂದೂವರೆ ಲೀಟರಿನದು. ಈ 1967ರ ಕಾರಿನದು ಆರೂವರೆ ಲೀಟರು! ಮುಂದೆ ವಿಮಾ ಕಂತು ಏರಿತು, ಹೊಗೆಯ ಮೇಲಿನ ನಿರ್ಬಂಧಗಳು ಬಂದವು, 1973ರಲ್ಲಿ ತೈಲದ ಬಿಕ್ಕಟ್ಟು ತಲೆದೋರಿತು. ಹೀಗೆ ಹತ್ತು ವರ್ಷಗಳೊಳಗೆ ಆ ಮೆರವಣಿಗೆ ಮುಗಿಯಿತು. ಪಾಂಟಿಯಾಕ್ ಎಂಬ ಹೆಸರೇ 2010ರಲ್ಲಿ ಅಳಿದುಹೋಯಿತು.

ಇರಲಿ, ವಿಷಯಕ್ಕೆ ಬರುತ್ತೇನೆ. ಆಗಸ್ಟ್ ತಿಂಗಳ ಮೂರನೆಯ ಶನಿವಾರ ಡೆಟ್ರಾಯಿಟ್ ಬಳಿಯ ವುಡ್‌ವರ್ಡ್ ಅವೆನ್ಯೂ ರಸ್ತೆಯಲ್ಲಿ ಹಳೆಯ ಕಾರುಗಳದೊಂದು ಜಾತ್ರೆ ನಡೆಯುತ್ತದೆ. 1995ರಲ್ಲಿ ಆರಂಭವಾದ ಇದನ್ನು ‘ವುಡ್‌ವರ್ಡ್ ಡ್ರೀಮ್ ಕ್ರೂಸ್’ ಎನ್ನುತ್ತಾರೆ. ಆ ಜಾತ್ರೆಗೆ ಹತ್ತು ವರ್ಷದ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಬೇಕೆಂಬುದು ಹಿರಿಯರ ಆಸೆ. ಅದಕ್ಕೆ ಮೊದಲು ಟೈರು ಬದಲಿಸಬೇಕು. ಯಾವ ಟೈರು ಎಂಬುದರ ಮೇಲೆ ಅವರಿಗೂ ಅವರ ಮಗನಿಗೂ ಮಾತೇ ನಿಂತುಹೋಗಿತ್ತು.

ಮಗ ರೇಡಿಯಲ್ ಟೈರು ಹಾಕಿಸಿ ಎಂದರೆ, ತಂದೆ ಕಾರು ಕಾರ್ಖಾನೆಯಿಂದ ಹೇಗೆ ಹೊರಬಂದಿತೋ ಹಾಗೆಯೇ ಇರಬೇಕು ಎನ್ನುತ್ತಿದ್ದರು. 1967ರಲ್ಲಿ ಅದಕ್ಕಿದ್ದದ್ದು ಎಫ್70-14 ಅಳತೆಯ ಬಯಾಸ್ ಟೈರು, ಪಕ್ಕದಲ್ಲಿ ತೆಳುವಾದೊಂದು ಕೆಂಪು ಗೆರೆ. ಅಂಥ ಟೈರುಗಳನ್ನು ಹಳೆಯ ಮಾದರಿಯಲ್ಲಿಯೇ ಹೊಸದಾಗಿ ಮಾಡಿಕೊಡುವ ಕೋಕರ್ ಟೈರ್‌ನಂಥ ಸಂಸ್ಥೆಗಳು ಅಲ್ಲಿವೆ. ಪ್ರದರ್ಶನಗಳಲ್ಲಿ ತೀರ್ಪುಗಾರರು ಕಾಲಕ್ಕೆ ಒಪ್ಪದ ಟೈರು ಕಂಡರೆ ಅಂಕ ಕಳೆಯುವುದೂ ಉಂಟು.

“ನೀವು ವಿಜ್ಞಾನದ ಟೀಚರ್. ನೀವೇ ಹೇಳಿ,” ಎಂದು ಒಂದು ದಿನ ನನ್ನನ್ನೇ ಪಂಚಾಯಿತಿಗೆ ಕೂರಿಸಿದರು.

ಎರಡು ಬಗೆಯ ಟೈರುಗಳ ಭೇದವನ್ನು ನನಗೆ ಕಲಿಸಿದವರು ಅವರೇ. ಬಯಾಸ್ ಟೈರಿನಲ್ಲಿ ರಬ್ಬರಿನೊಳಗಿನ ನೂಲಿನ ಪದರಗಳು ಓರೆಯಾಗಿ, ಒಂದರ ಮೇಲೊಂದು ಕತ್ತರಿಯಂತೆ ಹಾಯ್ದಿರುತ್ತವೆ. ಪಕ್ಕದ ಗೋಡೆಯೂ ನೆಲ ಮುಟ್ಟುವ ಭಾಗವೂ ಒಂದೇ ಮೈ. ತಿರುವಿನಲ್ಲಿ ಗೋಡೆ ಬಾಗಿದರೆ ಅಡಿಯೂ ಅದರೊಡನೆ ಮಣಿಯುತ್ತದೆ, ನೆಲದ ಹಿಡಿತ ಕಡಿಮೆಯಾಗುತ್ತದೆ. ರಸ್ತೆಯಲ್ಲಿ ಉದ್ದುದ್ದ ಗೀರುಗಳಿದ್ದರೆ ಕಾರು ಅವುಗಳ ಜಾಡು ಹಿಡಿದು ಅತ್ತಿತ್ತ ಎಳೆಯುತ್ತದೆ. ರೇಡಿಯಲ್ ಟೈರಿನಲ್ಲಿ ನೂಲುಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ ಅಡ್ಡಲಾಗಿ ಸಾಗುತ್ತವೆ. ನೆಲ ಮುಟ್ಟುವ ಭಾಗದ ಕೆಳಗೆ ಉಕ್ಕಿನ ಪಟ್ಟಿಗಳಿರುತ್ತವೆ. ಗೋಡೆ ಎಷ್ಟೇ ಬಾಗಿದರೂ ಅಡಿ ನೆಲಕ್ಕೆ ಚಪ್ಪಟೆಯಾಗಿ ಅಂಟಿಕೊಂಡಿರುತ್ತದೆ. ಫ್ರಾನ್ಸಿನ ಮಿಶೆಲಿನ್ ಸಂಸ್ಥೆ ಇದಕ್ಕೆ 1946ರಲ್ಲಿಯೇ ಪೇಟೆಂಟ್ ಪಡೆದಿತ್ತು. ಆದರೆ ಅಮೆರಿಕದ ಕಾರೊಂದು ಕಾರ್ಖಾನೆಯಿಂದಲೇ ರೇಡಿಯಲ್ ತೊಟ್ಟು ಬಂದದ್ದು 1970ರ ಲಿಂಕನ್ ಕಾಂಟಿನೆಂಟಲ್ ಮಾರ್ಕ್ 3ರಲ್ಲಿ. ಎಂದರೆ 1967ರ ಜಿಟಿಓ ಕಾರನ್ನು ರೂಪಿಸಿದವರ ಲೆಕ್ಕದಲ್ಲಿ ಇದು ಇರಲೇ ಇಲ್ಲ.

ಹಿರಿಯರ ವಾದವೂ ಬರಿಯ ಹಟವಾಗಿರಲಿಲ್ಲ. “ಬಯಾಸ್ ಟೈರು ಜಾರುವ ಮುನ್ನ ಮೆಲ್ಲಗೆ ಹೇಳಿ ಜಾರುತ್ತದೆ. ರೇಡಿಯಲ್ ಕೊನೆಯವರೆಗೂ ಹಿಡಿದಿದ್ದು ಒಮ್ಮೆಲೇ ಕೈಬಿಡುತ್ತದೆ,” ಎಂದರು. ಅದು ನಿಜವೇ. ಬಳಿಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸ್ಟೀರಿಂಗು ಕೈಯಲ್ಲಿ ತುಸು ಅಲೆಯುತ್ತಿದ್ದರೆ ನನಗೆ ಆ ದಿನಗಳು ಅಂಗೈಗೆ ಬಂದಂತೆ ಆಗುತ್ತದೆ, ಟೀಚರ್,” ಎಂದರು. ಇದಕ್ಕೆ ಯಾವ ವಿಜ್ಞಾನದ ಮೇಷ್ಟರು ಏನೆಂದು ಉತ್ತರಿಸಿಯಾರು?

ನಾನು ಕಾರಿನ ಬಳಿ ಕುಳಿತು ಹಳೆಯ ಟೈರನ್ನು ನೋಡಿದೆ. ಅಚ್ಚು ಹೊಸದರಂತೆ ಆಳವಾಗಿಯೇ ಇತ್ತು. ಆದರೆ ಪಕ್ಕದ ಗೋಡೆಯಲ್ಲಿ ಬೇಸಿಗೆಯ ಕೆರೆಯಂಗಳದಂತೆ ಸಣ್ಣ ಸಣ್ಣ ಬಿರುಕುಗಳು. ‘ಡಾಟ್’ ಎಂಬ ಅಕ್ಷರಗಳ ಸಾಲಿನ ಕೊನೆಯಲ್ಲಿ 2302 ಎಂಬ ಅಂಕಿಗಳಿದ್ದವು: 2002ನೆಯ ಇಸವಿಯ ಇಪ್ಪತ್ಮೂರನೆಯ ವಾರ. 2000ದಿಂದೀಚೆಗೆ ತಯಾರಾದ ಟೈರುಗಳಲ್ಲಿ ಹುಟ್ಟಿದ ವಾರ, ವರ್ಷ ಹೀಗೆ ನಾಲ್ಕು ಅಂಕಿಗಳಲ್ಲಿರುತ್ತವೆ. ಓಡದೆ ನಿಂತಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ; ಗಾಳಿಯ ಆಮ್ಲಜನಕ, ಓಝೋನುಗಳೇ ಅದನ್ನು ಗಡುಸಾಗಿಸುತ್ತವೆ. ಆರು ವರ್ಷವಾದ ಮೇಲೆ ಟೈರು ಬದಲಿಸಿರಿ ಎಂದು ಹಲವು ಕಾರು ತಯಾರಕರು ಹೇಳುತ್ತಾರೆ. ಇದಕ್ಕೆ ಇಪ್ಪತ್ತೊಂದು!

ಆ ಬಿರುಕುಗಳ ಮೇಲೆ ಬೆರಳಾಡಿಸುತ್ತಿದ್ದಂತೆ ಮೂವತ್ತೆರಡು ವರ್ಷ ಹಿಂದಿನ ಇನ್ನೊಂದು ಟೈರು ನೆನಪಾಯಿತು. ಇದನ್ನು ನಾನು ಈವರೆಗೆ ಎಲ್ಲಿಯೂ ಬರೆದಿಲ್ಲ.

1991ರ ಅಕ್ಟೋಬರ್. ಹತ್ತನೆಯ ತರಗತಿಯ ಹುಡುಗರನ್ನು ಬಾಡಿಗೆಯ ಮೆಟಡೋರ್ ವ್ಯಾನಿನಲ್ಲಿ ಧರ್ಮಸ್ಥಳಕ್ಕೆ ಪ್ರವಾಸ ಕರೆದೊಯ್ದಿದ್ದೆ. ಕೊಟ್ಟಿಗೆಹಾರದಲ್ಲಿ ತಿಂಡಿಗೆ ನಿಂತಾಗ ಹಿಂದಿನ ಟೈರನ್ನು ನೋಡಿದೆ. ನನ್ನ ಅಂಗೈಯಷ್ಟು ನುಣುಪಾಗಿತ್ತು. ಮಳೆ ಹನಿಯುತ್ತಿತ್ತು, ಮುಂದೆ ಚಾರ್ಮಾಡಿ ಘಾಟಿಯ ಇಳಿಜಾರು. ಒಂದು ಮಾತು ಕೇಳಬೇಕೆಂದುಕೊಂಡೆ. ಚಾಲಕ ಅನುಭವಸ್ಥ, ವ್ಯಾನು ಗೊತ್ತುಮಾಡಿದವರು ನನಗಿಂತ ಹಿರಿಯರು, ಹುಡುಗರು ಹಾಡುತ್ತಿದ್ದರು, ನಾನು ಸುಮ್ಮನಾದೆ. ನಾಲ್ಕನೆಯ ತಿರುವಿನಲ್ಲಿ ವ್ಯಾನು ಅಡ್ಡಡ್ಡ ಜಾರಿ ರಸ್ತೆಯಂಚಿನ ಮೋಟುಗೋಡೆಗೆ ಬಡಿದು ನಿಂತಿತು. ಗೋಡೆಯಾಚೆ ಪ್ರಪಾತ. ಒಬ್ಬ ಹುಡುಗನ ಮುಂಗೈ ಮೂಳೆ ಮುರಿಯಿತು, ಅಷ್ಟೇ. ‘ಅಷ್ಟೇ’ ಎಂದು ಎಲ್ಲರೂ ಹೇಳಿದರು. ಹಿಂದಿನ ತಿಂಗಳಷ್ಟೇ ಅದೇ ಹುಡುಗರಿಗೆ ಘರ್ಷಣೆಯ ಪಾಠ ಮಾಡಿದ್ದವನು ನಾನು.

ಆ ಪಾಠವನ್ನೂ ಪೂರ್ತಿ ಮಾಡಿರಲಿಲ್ಲವೆನ್ನಿ. ಘರ್ಷಣೆಯು ತಾಗುವ ವಿಸ್ತೀರ್ಣವನ್ನು ಅವಲಂಬಿಸದು ಎಂದು ಪುಸ್ತಕದಲ್ಲಿದ್ದುದನ್ನು ಹೇಳಿದಾಗ, “ಹಾಗಾದರೆ ರೇಸ್ ಕಾರಿನ ಟೈರು ಯಾಕೆ ಸಾರ್ ಅಷ್ಟು ಅಗಲ?” ಎಂದು ಒಬ್ಬ ಕೇಳಿದ್ದ. “ಅದು ಪರೀಕ್ಷೆಗೆ ಬರುವುದಿಲ್ಲ, ಕೂತುಕೋ” ಎಂದಿದ್ದೆ. ಮೆತ್ತನೆಯ ರಬ್ಬರು ರಸ್ತೆಯ ಉಬ್ಬುತಗ್ಗುಗಳೊಳಕ್ಕೆ ಇಳಿದು ಹಿಡಿಯುವುದರಿಂದ ಆ ಸರಳ ನಿಯಮ ಅದಕ್ಕೆ ಹಾಗೆಯೇ ಅನ್ವಯಿಸುವುದಿಲ್ಲ ಎಂಬುದನ್ನು ಬಹಳ ತಡವಾಗಿ ಓದಿಕೊಂಡೆ.

ಗ್ಯಾರೇಜಿನಲ್ಲಿ ನಾನು ಈ ಬಾರಿ ಸುಮ್ಮನಿರಲಿಲ್ಲ. ಹಲಗೆಯೊಂದರ ಮೇಲೆ ಸೀಮೆಸುಣ್ಣದಿಂದ ಲೆಕ್ಕ ಬರೆದೆ. ಗಂಟೆಗೆ ಅರವತ್ತು ಮೈಲಿ ವೇಗದ ಕಾರನ್ನು ನಿಲ್ಲಿಸಬೇಕು. ಹಿಡಿತದ ಅಂಕ 0.8 ಎಂದು ಇಟ್ಟುಕೊಂಡರೆ ಸುಮಾರು 46 ಮೀಟರು ಬೇಕು. ಅದು 0.6ಕ್ಕೆ ಇಳಿಯಿತೆನ್ನಿ, 61 ಮೀಟರು. “ಈ ಅಂಕಗಳು ನಾನು ಇಟ್ಟುಕೊಂಡವು, ನಿಮ್ಮ ಟೈರನ್ನು ಅಳೆದದ್ದಲ್ಲ. ಆದರೆ ನಡುವಿನ ಹದಿನೈದು ಮೀಟರು ನೋಡಿ, ನಿಮ್ಮ ಕಾರಿನ ಮೂರರಷ್ಟು ಉದ್ದ,” ಎಂದೆ. ಬಳಿಕ ಚಾರ್ಮಾಡಿಯ ಕತೆ ಹೇಳಿದೆ. ನನ್ನ ಹರಕು ಇಂಗ್ಲಿಷಿನಲ್ಲಿ ಅದು ಎಷ್ಟು ತಲುಪಿತೋ ತಿಳಿಯದು. ಅವರು ಹಲಗೆಯನ್ನೇ ನೋಡುತ್ತಿದ್ದರು. ಕೊನೆಗೆ, “ಆ ಹುಡುಗನಿಗೆ ವಯಸ್ಸೆಷ್ಟಿತ್ತು?” ಎಂದು ಕೇಳಿದರು. “ಹದಿನೈದು,” ಎಂದೆ.

ಇಂಗ್ಲಿಷಿನ ‘ಟೈರ್’ ಎಂಬ ಮಾತು ‘ಅಟೈರ್’, ಎಂದರೆ ಉಡುಪು ಎಂಬ ಪದದ ಮೊಟಕು ರೂಪವೆಂದು ನಿಘಂಟುಕಾರರು ಹೇಳುತ್ತಾರೆ. ಟೈರು ಎಂದರೆ ಚಕ್ರದ ಉಡುಪು. ಮದುವೆಯ ರೇಷ್ಮೆಯನ್ನು ಉಟ್ಟು ಯಾರೂ ಗದ್ದೆಗಿಳಿಯುವುದಿಲ್ಲ. ಹಾಗೆಂದು ಅದನ್ನು ಬೀದಿಗೂ ಎಸೆಯುವುದಿಲ್ಲ. ಹಿರಿಯರು ಹಾಗೆಯೇ ಮಾಡಿದರು. ಕೆಂಪು ಗೆರೆಯುಳ್ಳ, ನೋಟಕ್ಕೆ ಹಳೆಯದರಂತೆಯೇ ಇರುವ ರೇಡಿಯಲ್ ಟೈರುಗಳು ದೊರೆಯುತ್ತವೆ. ಓಡಿಸಲು ಅವನ್ನು ತರಿಸಿದರು. ನಾಲ್ಕಕ್ಕೆ ನಾಲ್ಕನ್ನೂ ಬದಲಿಸಿದರು. ಎರಡು ಬಗೆಗಳನ್ನು ಬೆರೆಸಿ ಹಾಕುವುದು ಎರಡಕ್ಕಿಂತಲೂ ಅಪಾಯ. ಬಯಾಸ್ ಟೈರಿಗೆ ಹೊಂದಿಸಿದ್ದ ಮುಂಚಕ್ರಗಳ ಓರೆಯನ್ನೂ ಹೊಸ ಟೈರಿಗೆ ತಕ್ಕಂತೆ ಸರಿಪಡಿಸಿದರು. ಪ್ರದರ್ಶನಕ್ಕೆಂದು ಹೊಸ ಬಯಾಸ್ ಟೈರುಗಳನ್ನು ಬೇರೆ ರಿಮ್ಮುಗಳಿಗೆ ತೊಡಿಸಿ ಗೋಡೆಯ ಪಕ್ಕ ಜೋಡಿಸಿಟ್ಟರು. ಮಗ ಬಂದು ಅವನ್ನು ಎತ್ತಿಡಲು ಕೈಹಾಕಿದ.

ಆ ಶನಿವಾರ ಮೊಮ್ಮಗಳು ಮುಂದೆ, ನಾನು ಹಿಂದೆ. ದಾರಿಯಲ್ಲಿ ಮಳೆ ಬರಲಿಲ್ಲ, ಅವಘಡವೂ ಆಗಲಿಲ್ಲ. ಟೈರನ್ನು ಪರೀಕ್ಷಿಸುವಂಥದ್ದೇನೂ ನಡೆಯಲಿಲ್ಲ. ಎಚ್ಚರಿಕೆಯ ಫಲ ಹೀಗೆಯೇ, ಕಣ್ಣಿಗೆ ಕಾಣುವುದಿಲ್ಲ. “ಸ್ಟೀರಿಂಗು ಅಲೆಯುತ್ತಿಲ್ಲ,” ಎಂದು ಹಿರಿಯರು ಒಮ್ಮೆ ಹೇಳಿದರು. ಆ ಧ್ವನಿಯಲ್ಲಿ ಸಮಾಧಾನವೂ ಇತ್ತು, ಏನನ್ನೋ ಕಳೆದುಕೊಂಡ ಛಾಯೆಯೂ ಇತ್ತು.

ಊರಿಗೆ ಮರಳಿದ ಮೇಲೆ, ಅಂದು ಕೈ ಮುರಿದುಕೊಂಡಿದ್ದ ಶಿಷ್ಯನಿಗೆ ಫೋನು ಮಾಡಿ, ಕೊಟ್ಟಿಗೆಹಾರದಲ್ಲಿ ನಾನು ಟೈರು ನೋಡಿಯೂ ಸುಮ್ಮನಿದ್ದೆನೆಂದು ಒಪ್ಪಿಕೊಂಡೆ. ಈಗ ಅವನಿಗೆ ಇಬ್ಬರು ಮಕ್ಕಳು. ಕ್ಷಣಹೊತ್ತು ಮೌನ. ಆಮೇಲೆ, “ನಾನೂ ನೋಡಿದ್ದೆ ಸಾರ್. ನೀವು ನೋಡಿ ಸುಮ್ಮನಿದ್ದಿರಲ್ಲ, ಸರಿಯಾಗಿಯೇ ಇರಬೇಕು ಅಂದುಕೊಂಡೆ,” ಎಂದ.

ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ನನಗೆ ಯಾರೂ ಕೊಟ್ಟಿಲ್ಲ. “ಈಗ ನಿನ್ನ ಕಾರಿನ ಟೈರು ನೋಡಿ, ಆ ನಾಲ್ಕು ಅಂಕಿ ಓದಿ ಹೇಳಪ್ಪ,” ಎಂದೆ. ಅವನು ಫೋನು ಹಿಡಿದುಕೊಂಡೇ ಅಂಗಳಕ್ಕಿಳಿದ.