ಇಪ್ಪತ್ತು ಎಣಿಸುವಷ್ಟು ಹೊತ್ತು

ನಮ್ಮ ಹಳೆಯ ಡೀಸೆಲ್ ಜೀಪು ಧನುರ್ಮಾಸದ ಚಳಿಗೆ ಸುಲಭದಲ್ಲಿ ಸ್ಟಾರ್ಟ್ ಆಗುವುದಿಲ್ಲ. ಅಪ್ಪ ಮೊದಲು ಹೀಟರ್ ಹಾಕಿ, ಮನಸ್ಸಿನಲ್ಲೇ ಇಪ್ಪತ್ತು ಎಣಿಸಿ, ಮತ್ತೆ ಸೆಲ್ಫ್ ಹೊಡೆಯುತ್ತಿದ್ದರು. ಹೀಟರ್ ಪ್ಲಗ್ಗಿನ ತುದಿ ಕೆಂಪಗೆ ಕಾದರೆ ತಣ್ಣಗಿನ ಇಂಜಿನ್ನಿನಲ್ಲೂ ಡೀಸೆಲ್ ಬೇಗ ಹೊತ್ತಿಕೊಳ್ಳುತ್ತದೆ.

ಒಂದು ಮುಂಜಾನೆ ಅಜ್ಜಿಗೆ ಉಸಿರಾಟಕ್ಕೆ ಕಷ್ಟವಾಯಿತು. ಪುತ್ತೂರಿಗೆ ಹೋಗಬೇಕು, ಅಪ್ಪ ಮನೆಯಲ್ಲಿಲ್ಲ. ಗಾಬರಿಯಲ್ಲಿ ನಾನು ಹೀಟರ್ ಹಾಕದೆ ಸೆಲ್ಫ್ ಹೊಡೆದೇ ಹೊಡೆದೆ. ಬ್ಯಾಟರಿ ಇಳಿಯಿತು. ಕೊನೆಗೆ ನೆರೆಮನೆಯವರು ಬಂದು ಇಳಿಜಾರಿನಲ್ಲಿ ನೂಕಿದರು. ಅಜ್ಜಿ ಹುಷಾರಾದರು. ಆದರೆ ಕಳೆದುಹೋದ ಆ ಅರ್ಧ ಗಂಟೆ ನನ್ನನ್ನು ಈಗಲೂ ಚುಚ್ಚುತ್ತದೆ.

ಅಲಾಸ್ಕಾ, ಕೆನಡಾದಂಥ ಹಿಮದ ಊರುಗಳಲ್ಲಿ ಸಣ್ಣ ವಿಮಾನಗಳಿಗೂ ಹೀಗೇ ಕಾಯಬೇಕು ಎಂದು ಆಮೇಲೆ ಓದಿದೆ. ಚಳಿಗೆ ಆಯಿಲ್ ಜೇನಿನಂತೆ ಮಂದವಾಗುತ್ತದೆ. ಹಾಗೇ ತಿರುಗಿಸಿದರೆ ಆಯಿಲ್ ತಲುಪುವ ಮೊದಲೇ ಇಂಜಿನ್ನಿನ ಭಾಗಗಳು ಉಜ್ಜಿ ಸವೆಯುತ್ತವೆ. ಅದಕ್ಕೇ ಹಾರುವ ಮೊದಲು ಕರೆಂಟಿನ ಹೀಟರ್ ಇಟ್ಟು, ಇಂಜಿನ್ನಿಗೆ ಕಂಬಳಿ ಹೊದಿಸಿ, ಗಂಟೆಗಟ್ಟಲೆ ಬಿಸಿ ಮಾಡುತ್ತಾರೆ. ತಿಂಗಳುಗಟ್ಟಲೆ ನಿಲ್ಲಿಸಿಟ್ಟ ವಿಮಾನಕ್ಕೆ ಬಿಸಿಯೊಂದೇ ಸಾಲದು. ಒಳಗೆ ತೇವ ಉಳಿದರೆ ತುಕ್ಕು ಹಿಡಿಯುತ್ತದೆ, ಅಡಿಕೆಗೆ ಮದ್ದು ಬಿಟ್ಟು ಮೂಲೆಗೆ ಸೇರಿದ ನಮ್ಮ ಇಂಜಿನ್ನಿನ ಹಾಗೆ.

ಸುಳ್ಯ, ಕಡಬದ ಕಡೆ ಇನ್ನೂ ಹಳೆಯ ಜೀಪು ಇಟ್ಟುಕೊಂಡವರು ಚಳಿಗೆ ಮೊದಲೇ ಹೀಟರ್ ಪ್ಲಗ್ ನೋಡಿಸಿಕೊಳ್ಳಿ. ಅವಸರದ ದಿನವೂ ಇಪ್ಪತ್ತು ಎಣಿಸಿ.