ತೋನ್ಸೆಪಾರಿನ ಕಲ್ಲುಕಂಬಗಳು

ಹಲಸೂರು ಕೆರೆಯ ದಂಡೆಯಲ್ಲಿ ದಿನವೂ ವಾಕಿಂಗ್ ಹೋಗುವ ನಾಲ್ವರು ಗೆಳೆಯರು ನಾವು. ಕೆರೆಯ ನಡುಗಡ್ಡೆಗಳನ್ನು ದೂರದಿಂದ ನೋಡಿದ್ದು ಸಾಕು, ಸಮುದ್ರದ ದ್ವೀಪಕ್ಕೇ ಹೋಗೋಣವೆಂದು ಡಿಸೆಂಬರಿನಲ್ಲಿ ಮೊಮ್ಮಕ್ಕಳೊಂದಿಗೆ ಹೊರಟೆವು. ಮುಂದೂಡುವಂತಿರಲಿಲ್ಲ. ಒಬ್ಬ ಗೆಳೆಯ ಸಂಕ್ರಾಂತಿ ಕಳೆದ ಮೇಲೆ ಮಗನ ಜೊತೆಗಿರಲು ಆಸ್ಟ್ರೇಲಿಯಾಕ್ಕೆ ಹೋಗುವವನಿದ್ದ.

ಉಡುಪಿಯ ಮಲ್ಪೆಯಿಂದ ದೋಣಿ ಹತ್ತಿದರೆ ಸೇಂಟ್ ಮೇರೀಸ್ ದ್ವೀಪ. ಊರವರ ಬಾಯಲ್ಲಿ ತೋನ್ಸೆಪಾರ್. ತೆಂಗಿನ ಮರಗಳು, ಮರಳಿಗಿಂತ ಹೆಚ್ಚು ಚಿಪ್ಪಿನ ಚೂರುಗಳು. ಮಕ್ಕಳು ಚಿಪ್ಪು ಆರಿಸಿ, ನೋಡಿ, ಅಲ್ಲೇ ಬಿಟ್ಟರು. ನೀರಿಗಿಳಿಯುವಾಗ ಜೋಕೆ, ಬಂಡೆಗಳು ಜಾರುತ್ತವೆ.

ಆ ಬಂಡೆಗಳೇ ಇಲ್ಲಿಯ ಸೋಜಿಗ! ಪೆನ್ಸಿಲ್ ಕಟ್ಟುಗಳನ್ನು ನಿಲ್ಲಿಸಿದಂತೆ ಐದು, ಆರು ಮೂಲೆಯ ಕಲ್ಲುಕಂಬಗಳು.

“ಯಾರು ಕೆತ್ತಿದ್ದು ತಾತಾ?” ಎಂದಳು ಮೊಮ್ಮಗಳು.

ಯಾರೂ ಅಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ ತಣ್ಣಗಾಗುತ್ತಾ ಕುಗ್ಗಿ, ಒಣಗಿದ ಕೆರೆಯ ಕೆಸರಿನಂತೆ ಬಿರುಕುಬಿಟ್ಟಿತು. ಬಿರುಕು ಆಳಕ್ಕಿಳಿದು ಕಂಬಗಳಾದವು. ಅದುವರೆಗೆ ನಮ್ಮ ನೆಲಕ್ಕೆ ಅಂಟಿಕೊಂಡಿದ್ದ ಮಡಗಾಸ್ಕರ್ ದೂರ ಸರಿಯತೊಡಗಿದ್ದೂ ಆಗಲೇ.

ಆಸ್ಟ್ರೇಲಿಯಾದ ಗೆಳೆಯ ಕಂಬವೊಂದರ ಮೇಲೆ ಕೂತು ಕೇಳುತ್ತಿದ್ದ. “ನನ್ನದು ಅಷ್ಟು ದೂರವಲ್ಲ ಬಿಡ್ರೋ, ವಿಮಾನವಿದೆ” ಎಂದ. ಯಾರೂ ನಗಲಿಲ್ಲ.

ದ್ವೀಪದಲ್ಲಿ ರಾತ್ರಿ ತಂಗುವಂತಿಲ್ಲ. ಸಂಜೆ ಉಡುಪಿಯಲ್ಲಿ ಬಿಸಿ ಗೋಳಿಬಜೆ, ಕಾಯಿಬೆಲ್ಲದೊಡನೆ ನೀರ್‌ದೋಸೆ. ದೋಸೆ ಎಷ್ಟೆಂದು ಎಣಿಸಲಿಲ್ಲ, ಕರವಸ್ತ್ರದಷ್ಟು ತೆಳು ನೋಡಿ! ಕೊನೆಗೆ ಎತ್ತರದ ಗ್ಲಾಸಿನಲ್ಲಿ ಹಣ್ಣು, ಜೆಲ್ಲಿ, ಐಸ್‌ಕ್ರೀಮ್ ಪದರಪದರವಾಗಿ ತುಂಬಿದ ಗಡ್‌ಬಡ್. ಸಕ್ಕರೆ ಕಾಯಿಲೆಯ ನಾವು ನಾಲ್ವರೂ ಸೇರಿ ಒಂದೇ ಗ್ಲಾಸು ತರಿಸಿ, ನಾಲ್ಕು ಚಮಚ ಕೇಳಿದೆವು.